ದೇವಣಿಯೋ, ಕೃಷ್ಣಾ ಕಣಿವೆಯೋ, ಗಿಡ್ಡವೋ: ಹಾಲಿಗೂ ಹೊಲಕ್ಕೂ ಆಗುವ ದನ ಆರಿಸುವುದು ಹೇಗೆ

ನಾಟಿ ಹಸು ಕಟ್ಟಬೇಕು ಅನ್ನುವವರ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ: ದಿನಕ್ಕೆ ಎಷ್ಟು ಲೀಟರ್ ಕೊಡುತ್ತದೆ? ಕೇಳುವುದರಲ್ಲಿ ತಪ್ಪೇನಿಲ್ಲ. ಹಾಲಿಗಾಗಿಯೇ ಅಲ್ವಾ ಹಸು ಕಟ್ಟುವುದು. ಆದರೆ ಹಸು ಹಾಲಿಗೆ, ಎತ್ತು ಬೇಸಾಯಕ್ಕೆ ಅನ್ನುವ ಉಭಯ ತಳಿಗಳ ವಿಷಯ ಬಂದಾಗ ನಾನು ತಿರುಗಿ ಕೇಳುವುದು ಬೇರೆ. ಹೋರಿಗರು ಹುಟ್ಟಿದರೆ ಏನು ಮಾಡುತ್ತೀರಿ?

ಹುಟ್ಟುವ ಕರುಗಳಲ್ಲಿ ಅರ್ಧ ಹೋರಿಯೇ. ಉಭಯ ತಳಿಯ ಬೆಲೆಯಲ್ಲೂ ಅರ್ಧ ಇರುವುದು ಆ ಹೋರಿಯಲ್ಲೇ. ಅದಕ್ಕೆ ನಿಮ್ಮಲ್ಲಿ ಕೆಲಸ ಇಲ್ಲ, ಕೊಳ್ಳುವವರೂ ಹತ್ತಿರದಲ್ಲಿ ಇಲ್ಲ ಅಂದರೆ ನಿಮ್ಮ ಕೈಗೆ ಉಳಿಯುವುದು ಕಡಿಮೆ ಹಾಲಿನ ಒಂದು ಹಸು, ಅಷ್ಟೇ. ಕರ್ನಾಟಕದಲ್ಲಿ 2021ರಿಂದ ಜಾರಿಯಲ್ಲಿರುವ ಕಾಯ್ದೆ ಪ್ರಕಾರ ಹಸು, ಎತ್ತು, ಹೋರಿ ಯಾವುದನ್ನೂ ಕಸಾಯಿಖಾನೆಗೆ ಕೊಡುವಂತಿಲ್ಲ. ಆ ಕಾಯ್ದೆಯ ಬಗ್ಗೆ ನಿಮ್ಮ ಅಭಿಪ್ರಾಯ ಏನೇ ಇರಲಿ, ಕೊಟ್ಟಿಗೆಯ ಲೆಕ್ಕದಲ್ಲಿ ಅದನ್ನು ಬಿಡುವಂತಿಲ್ಲ. ಹುಟ್ಟಿದ ಹೋರಿಯನ್ನು, ಮುದಿಯಾದ ಎತ್ತನ್ನು, ಗೊಡ್ಡು ಬಿದ್ದ ಹಸುವನ್ನು ಮೇಯಿಸುವವರು ನೀವೇ.

ಎರಡನೇ ಪ್ರಶ್ನೆಯೂ ಇದೆ. ನಿಮ್ಮ ಸುತ್ತಲಿನ ಹತ್ತು ಊರುಗಳಲ್ಲಿ ಇದೇ ತಳಿ ಕಟ್ಟಿದವರು ಯಾರಿದ್ದಾರೆ? ಇದು ಯಾಕೆ ಮುಖ್ಯ ಅಂತ ಒಂದು ಲೆಕ್ಕ ಹಾಕಿ ನೋಡಿ. ದೇವಣಿ ಹಸು ಒಂದು ಕರು ಹಾಕಿ ಇನ್ನೊಂದು ಹಾಕಲು ಸರಾಸರಿ 447 ದಿನ ತೆಗೆದುಕೊಳ್ಳುತ್ತದೆ. ಅಂದರೆ ಹೆಚ್ಚುಕಮ್ಮಿ ಹದಿನೈದು ತಿಂಗಳು. ಐದು ವರ್ಷಕ್ಕೆ ನಾಲ್ಕು ಕರು. ಅದರಲ್ಲಿ ಎರಡು ಹೋರಿ ಅಂದುಕೊಳ್ಳೋಣ. ಅವೆರಡೂ ಬೇರೆ ಬೇರೆ ವರ್ಷ ಹುಟ್ಟಿದವು. ದೊಡ್ಡದಕ್ಕೆ ಬಾಯಿ ಕೂಡುವ, ಅಂದರೆ ಹಲ್ಲೆಲ್ಲ ಬಂದು ಪೂರ್ತಿ ಬೆಳೆಯುವ ಹೊತ್ತಿಗೆ ಚಿಕ್ಕದಕ್ಕೆ ಎರಡು ಹಲ್ಲು ಬಂದಿದ್ದರೆ ಹೆಚ್ಚು. ಎತ್ತರ ಬೇರೆ, ನಡಿಗೆ ಬೇರೆ. ಒಂದು ನೊಗಕ್ಕೆ ಹೂಡಲು ಆಗುವುದಿಲ್ಲ. ಜೋಡಿ ಆಗಬೇಕಾದರೆ ಪಕ್ಕದ ಊರಿನವರ ಕೊಟ್ಟಿಗೆಯಲ್ಲೋ ಸಂತೆಯಲ್ಲೋ ಅದೇ ತಳಿಯ, ಅದೇ ವಯಸ್ಸಿನ ಇನ್ನೊಂದು ಹೋರಿ ಸಿಗಬೇಕು. ಹಸು ಬೆದೆಗೆ ಬಂದಾಗಲೂ ಹಾಗೆಯೇ. ಆ ತಳಿಯ ಹೋರಿಯೋ ಕೃತಕ ಗರ್ಭಧಾರಣೆಗೆ ಬಳಸುವ ವೀರ್ಯದ ಕಡ್ಡಿಯೋ ಹತ್ತಿರದಲ್ಲಿ ಸಿಗಬೇಕು. ಒಬ್ಬನೇ ರೈತ ಒಂದು ತಳಿಯನ್ನು ಉಳಿಸಿಕೊಳ್ಳುವುದು ಕಷ್ಟ. ಊರು, ಸೀಮೆ ಜೊತೆಗಿರಬೇಕು.

ಈ ಎರಡು ಪ್ರಶ್ನೆಗಳನ್ನು ಕೈಯಲ್ಲಿ ಹಿಡಿದು ಒಂದೊಂದೇ ತಳಿ ನೋಡೋಣ.

ದೇವಣಿ: ಎರೆ ಭೂಮಿಯವರಿಗೆ

ಕರ್ನಾಟಕದಲ್ಲಿ ಉಭಯ ತಳಿ ಅಂದರೆ ಮೊದಲು ಬರುವ ಹೆಸರು ದೇವಣಿ. ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ದೇವಣಿ ಎಂಬ ಊರಿನಿಂದ ಈ ಹೆಸರು. ಲಾತೂರ್, ನಾಂದೇಡ್, ಪರಭಣಿ, ಧಾರಾಶಿವ, ಈ ಕಡೆ ನಮ್ಮ ಬೀದರ್, ಕಲಬುರಗಿಯ ಒಂದಿಷ್ಟು ಭಾಗ, ತೆಲಂಗಾಣದ ಗಡಿ. ಒಟ್ಟಾರೆ ಹಳೆಯ ನಿಜಾಮ್ ಸೀಮೆ. ಗುಜರಾತಿನ ಗೀರ್, ಮಹಾರಾಷ್ಟ್ರದ ಡಾಂಗಿ ಮತ್ತು ಅಲ್ಲಿನ ಜವಾರಿ ದನಗಳು ಬೆರೆತು ಈ ತಳಿ ಆಗಿದೆ ಎನ್ನುತ್ತಾರೆ. ಮುಖ ನೋಡಿದರೆ ಗೀರ್ ನೆನಪಾಗುವುದು ಅದಕ್ಕೇ. ಹಣೆ ಸ್ವಲ್ಪ ಉಬ್ಬು, ಕಿವಿ ಜೋಲು.

ಬಣ್ಣದಲ್ಲಿ ಮೂರು ಬಗೆ. ಮೈಯೆಲ್ಲ ಬಿಳಿ, ಮುಖದ ಎರಡು ಬದಿ ಕಪ್ಪಿದ್ದರೆ ವಾನ್ನೇರಾ. ಪೂರ್ತಿ ಬಿಳಿ, ಇದ್ದರೆ ಕೆಳಮೈಯಲ್ಲಿ ಒಂದೆರಡು ಕಪ್ಪು ಚುಕ್ಕೆ, ಅದು ಬಾಲಂಕ್ಯಾ. ಬಿಳಿ ಮೈಮೇಲೆ ಅಡ್ಡಾದಿಡ್ಡಿ ಕಪ್ಪು ಮಚ್ಚೆ ಇದ್ದರೆ ಶೇವೇರಾ. ಯಾವ ಬಣ್ಣ ಶ್ರೇಷ್ಠ ಅಂತ ಸಂತೆಯಲ್ಲಿ ಗಂಟೆಗಟ್ಟಲೆ ವಾದ ನಡೆಯುತ್ತದೆ. ಹಾಲಿಗೂ ಬಣ್ಣಕ್ಕೂ ಗಂಟು ಹಾಕಬೇಡಿ. ನಿಮಗೆ ಮುಂದೆ ಜೋಡಿ ಸಿಗುವುದು ಯಾವ ಬಣ್ಣದಲ್ಲಿ ಸುಲಭವೋ ಅದನ್ನು ಆರಿಸಿದರೆ ಸಾಕು.

ಹಾಲು? ಒಂದು ಸೂಲಿಗೆ, ಅಂದರೆ ಕರು ಹಾಕಿದಂದಿನಿಂದ ಹಾಲು ಬತ್ತುವವರೆಗೆ, ಸರಾಸರಿ 868 ಕೆ.ಜಿ. ಕಡಿಮೆ ಅಂದರೆ 600ರ ಮೇಲೆ, ಒಳ್ಳೆಯ ಹಸು 1200ರವರೆಗೆ. ಜಿಡ್ಡು ಸರಾಸರಿ ಶೇ 4.3. ದಿನದ ಲೆಕ್ಕಕ್ಕೆ ತಂದರೆ ಮೂರು ಲೀಟರ್. ಕರು ಹಾಕಿದ ಹೊಸದರಲ್ಲಿ ಐದಾರು ಲೀಟರ್ ಕೊಡುವ ಹಸುಗಳಿವೆ. ಮಾರುವವರು ಹೇಳುವುದು ಆ ಲೆಕ್ಕವನ್ನೇ. ಕೊಳ್ಳುವವರು ಹಾಕಬೇಕಾದದ್ದು ಪೂರ್ತಿ ಸೂಲಿನ ಲೆಕ್ಕ.

ಮೂರು ಲೀಟರಿಗೆ ಇಷ್ಟೆಲ್ಲಾ ಯಾಕೆ ಅಂತ ಅನ್ನಿಸಬಹುದು. ಆದರೆ ಬೀದರ್, ಕಲಬುರಗಿ ಕಡೆಯ ಹೊಲ ನೋಡಿದವರಿಗೆ ಉತ್ತರ ಗೊತ್ತು. ಎರೆಹೊಲ. ಸೋಯಾ, ಉದ್ದು, ಹೆಸರು, ಜೊತೆಗೆ ಸಾಲು ತೊಗರಿ. ಉಳುಮೆಗೆ ಟ್ರ್ಯಾಕ್ಟರ್ ಬಂದು ಎಷ್ಟೋ ಕಾಲ ಆಯಿತು. ಆದರೆ ಬಿತ್ತಿ ಮೊಳಕೆ ಬಂದ ಮೇಲೆ ಸಾಲುಗಳ ನಡುವೆ ಕಳೆ ತೆಗೆಯಲು ಎಡೆ ಹೊಡೆಯಬೇಕಲ್ಲ, ಅಲ್ಲಿ ಎತ್ತೇ ಮೇಲು. ಮಳೆ ಬಿದ್ದು ನೆಲ ಅರೆ ಹಸಿ ಇರುವಾಗ ದೊಡ್ಡ ಟ್ರ್ಯಾಕ್ಟರ್ ಇಳಿಸಿದರೆ ನೆಲ ತುಳಿದು ಗಟ್ಟಿಯಾಗುತ್ತದೆ, ಕೆಲವೊಮ್ಮೆ ಹೂತೇ ಹೋಗುತ್ತದೆ. ಎತ್ತಿನ ಕುಂಟೆ ಹೋಗುತ್ತದೆ. ದೇವಣಿ ಎತ್ತು ಚುರುಕಿನ ದುಡಿಮೆ ತಳಿ ಖಿಲ್ಲಾರಿಯ ಹಾಗೆ ಓಡುವುದಿಲ್ಲ. ಆದರೆ ಭಾರದ ಕೆಲಸಕ್ಕೆ, ಇಡೀ ದಿನದ ಕೆಲಸಕ್ಕೆ ಗಟ್ಟಿ. ಸ್ವಭಾವವೂ ಸೌಮ್ಯ. ಮನೆಯ ಹೆಣ್ಣುಮಕ್ಕಳು ಮೇವು ಹಾಕಿ, ನೀರು ಕುಡಿಸಿ, ಕಟ್ಟಬಹುದು. ಎಲ್ಲ ದುಡಿಮೆ ತಳಿಗಳಿಗೂ ಈ ಮಾತು ಹೇಳಲು ಆಗುವುದಿಲ್ಲ.

ಮೇವಿನ ವಿಷಯದಲ್ಲೂ ಆ ಸೀಮೆಗೆ ಹೊಂದಿಕೊಂಡ ದನ ಇದು. ಜೋಳದ ಕಣಿಕೆ, ತೊಗರಿ ಹೊಟ್ಟು, ಕಡಲೆ ಹೊಟ್ಟು ಮನೆಯದೇ. ಹಿಂಡುವ ಹಸುವಿಗೆ ಮೈ ಕಾಯಲು ದಿನಕ್ಕೆ ಒಂದು, ಒಂದೂವರೆ ಕೆ.ಜಿ. ಹಿಂಡಿ. ಅದರ ಮೇಲೆ ಪ್ರತಿ ಲೀಟರ್ ಹಾಲಿಗೆ ಸುಮಾರು 400 ಗ್ರಾಂ. ಹಸಿಮೇವು ಸಿಕ್ಕರೆ 15ರಿಂದ 20 ಕೆ.ಜಿ. ಹಸಿಮೇವು ಇಲ್ಲದ ಬೇಸಿಗೆಯಲ್ಲೂ ಹಸು ಬದುಕುತ್ತದೆ, ಹಾಲು ಮಾತ್ರ ಇಳಿಯುತ್ತದೆ. ಜವಾರಿ ದನ ಏನು ಹಾಕಿದರೂ ತಿಂದು ಹಾಲು ಕೊಡುತ್ತದೆ ಅನ್ನುವುದು ಸುಮ್ನೆ ಮಾತು. ಬರೀ ಕಣಿಕೆ ಹಾಕಿ, ಖನಿಜ ಮಿಶ್ರಣ ಹಾಕದೆ, ಹಸು ಬೆದೆಗೆ ಬರಲಿಲ್ಲ ಅಂತ ಹೋರಿಯನ್ನು ಬೈದರೆ ಏನು ಬಂತು?

ತೊಂದರೆ ಇಲ್ಲವೇ? ಇದೆ. ಮೊದಲ ಕರು ತಡ. ಚೆನ್ನಾಗಿ ಮೇಯಿಸಿದ ಕಡಸು ಎರಡೂವರೆ ವರ್ಷಕ್ಕೆ ಕರು ಹಾಕಬಹುದು. ಅರೆಹೊಟ್ಟೆಯಲ್ಲಿ ಬೆಳೆದದ್ದು ನಾಲ್ಕು ವರ್ಷ ದಾಟಿಸುತ್ತದೆ. ಹಾಗಾಗಿ ಕಡಿಮೆ ಬೆಲೆ ಅಂತ ಪುಟ್ಟ ಹೆಣ್ಣುಗರು ತಂದರೆ ಹಾಲು ನೋಡಲು ಮೂರು ನಾಲ್ಕು ವರ್ಷ ಕಾಯಬೇಕು. ಇನ್ನೊಂದು, ಕರು ಬಿಡದೆ ಹಸು ಸೊರ ಬಿಡುವುದಿಲ್ಲ, ಅಂದರೆ ಕೆಚ್ಚಲಿಗೆ ಹಾಲು ಇಳಿಸುವುದಿಲ್ಲ. ಕರು ಸತ್ತರೆ ಎಷ್ಟೋ ಹಸುಗಳು ಆ ಸೂಲು ಅಲ್ಲಿಗೇ ಬತ್ತಿಬಿಡುತ್ತವೆ. ಹಾಲು ಕರೆಯುವ ಯಂತ್ರ ಇಟ್ಟು ಹತ್ತು ಹಸು ನೋಡಿಕೊಳ್ಳುವ ಯೋಚನೆ ಇದ್ದರೆ ಇದು ನಿಮ್ಮ ತಳಿ ಅಲ್ಲ.

ಬೀದರಿನ ಪಶು ವಿಶ್ವವಿದ್ಯಾಲಯಕ್ಕೆ ಕಟ್ಟಿತೂಗಾಂವದಲ್ಲಿ ದೇವಣಿಗೆಂದೇ ಒಂದು ಸಂಶೋಧನಾ ಕೇಂದ್ರ ಇದೆ. ಕೊಳ್ಳುವ ಮೊದಲು ಅಂಥ ಕಡೆ ಹೋಗಿ ಒಳ್ಳೆಯ ದೇವಣಿ ಹೇಗಿರುತ್ತದೆ ಅಂತ ಕಣ್ಣಾರೆ ನೋಡಿಕೊಂಡು ಬರುವುದು ಒಳ್ಳೆಯದು. ನಾಂದೇಡ್ ಜಿಲ್ಲೆಯ ಮಾಳೆಗಾಂವದ ಖಂಡೋಬಾ ಜಾತ್ರೆಗೂ ದೇವಣಿ, ಲಾಲ್ ಕಂಧಾರಿ ದನ ದಂಡಿಯಾಗಿ ಬರುತ್ತವೆ. ಲಾಲ್ ಕಂಧಾರಿ ಕೆಂಪು ದನ, ದುಡಿಮೆಗೇ ಜಾಸ್ತಿ. ಹಾಲು ದೇವಣಿಗಿಂತ ಕಡಿಮೆ.

ಕೃಷ್ಣಾ ಕಣಿವೆ: ಮನಸ್ಸಿದ್ದವರಿಗೆ ಮಾತ್ರ

ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳ ಸೀಮೆಯಲ್ಲಿ ಆದ ತಳಿ ಇದು. ಬೆಳಗಾವಿ, ವಿಜಯಪುರ, ಬಾಗಲಕೋಟೆ, ರಾಯಚೂರು, ಆ ಕಡೆ ಸಾಂಗ್ಲಿ, ಸೊಲ್ಲಾಪುರ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ದಕ್ಷಿಣ ಮರಾಠಾ ಸಂಸ್ಥಾನಗಳ ರಾಜರು ಎರೆ ನೆಲ ಸೀಳುವಂಥ ಭಾರೀ ಎತ್ತು ಬೇಕು ಅಂತ ಗೀರ್, ಒಂಗೋಲ್, ಕಾಂಕ್ರೇಜ್ ಹೋರಿಗಳನ್ನು ತರಿಸಿ ಇಲ್ಲಿನ ದನಗಳ ಜೊತೆ ಬೆರೆಸಿ ಕಟ್ಟಿದ್ದು. ಅಂದರೆ ಈ ತಳಿ ಹುಟ್ಟಿದ್ದೇ ಎತ್ತಿಗಾಗಿ. ಹಾಲು ಆಮೇಲಿನ ಮಾತು. ಆದರೂ ಮನೆಗೆ ಸಾಕಾಗುವಷ್ಟು ಹಾಲು ಕೊಡುತ್ತದೆ.

ನೋಡಲು ಭವ್ಯ ದನ. ಆದರೆ ಈಗ ಸಂಖ್ಯೆ ತೀರಾ ಕಡಿಮೆ. ನೀರಾವರಿ ಬಂತು, ಕಬ್ಬು ಬಂತು, ಟ್ರ್ಯಾಕ್ಟರ್ ಬಂತು. ಭಾರೀ ಎತ್ತಿನ ಕೆಲಸವೇ ಹೋಯಿತು. ಎತ್ತು ಬೇಕೆನ್ನುವವರೂ ಹಗುರ, ಚುರುಕು ಅಂತ ಖಿಲ್ಲಾರಿ ಕಡೆ ಹೋದರು. ನನ್ನ ಎರಡನೇ ಪ್ರಶ್ನೆಯಲ್ಲಿ ಈ ತಳಿ ಸೋಲುತ್ತದೆ. ಹೋರಿ ಹುಡುಕಲು ಅಲೆಯಬೇಕು, ಜೋಡಿ ಹುಡುಕಲು ಅಲೆಯಬೇಕು. ಇರುವ ಕೆಲವೇ ಹಿಂಡುಗಳಲ್ಲಿ ರಕ್ತಸಂಬಂಧ ಹತ್ತಿರವಾಗುವ ಅಪಾಯವೂ ಇದೆ.

ಹಾಗಂತ ಕಟ್ಟಲೇಬೇಡಿ ಅಂತ ನಾನು ಹೇಳುವುದಿಲ್ಲ. ಬಾಗಲಕೋಟೆ, ವಿಜಯಪುರ ಕಡೆಯವರು ನೀವಾಗಿದ್ದರೆ, ಹತ್ತಾರು ಎಕರೆ ಹೊಲ ಇದ್ದರೆ, ನಾಲ್ಕೈದು ಜನ ಸೇರಿ ಒಂದು ಒಳ್ಳೆಯ ಹೋರಿ ಇಟ್ಟುಕೊಳ್ಳಲು ತಯಾರಿದ್ದರೆ ಕಟ್ಟಿ. ಈ ತಳಿಗೆ ಈಗ ಬೇಕಾಗಿರುವುದು ಅಂಥವರೇ. ಲಾಭದ ಲೆಕ್ಕ ಹಾಕಿ ಬರುವವರಿಗೆ ಬೇಡ.

ಮಲೆನಾಡು ಗಿಡ್ಡ: ಲೆಕ್ಕವೇ ಬೇರೆ

ಶಿವಮೊಗ್ಗ, ಚಿಕ್ಕಮಗಳೂರು, ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡ, ಕೊಡಗು, ಹಾಸನದ ಮಲೆನಾಡು ಭಾಗದವರು ದೇವಣಿಯ ಹೆಸರನ್ನೇ ಎತ್ತುವುದು ಬೇಡ. ಮೂರು ತಿಂಗಳು ಬಿಡದೆ ಸುರಿಯುವ ಮಳೆ, ಗುಡ್ಡ, ಸಣ್ಣ ಗದ್ದೆ. ಅಲ್ಲಿಗೆ ಮುನ್ನೂರು, ನಾನೂರು ಕೆ.ಜಿ. ತೂಕದ ಬಯಲುಸೀಮೆ ದನ ಒಯ್ದರೆ ಗೊರಸು ಕೊಳೆಯುವುದರಿಂದ ಹಿಡಿದು ಎಲ್ಲ ಕಷ್ಟವೂ ಶುರು. ಗಿಡ್ಡ ಅಲ್ಲಿನದೇ ದನ. ದೊಡ್ಡ ಹಸುವೂ ನೂರು ಕೆ.ಜಿ. ಆಸುಪಾಸು. ಬೆಳಿಗ್ಗೆ ಬಿಟ್ಟರೆ ಬೆಟ್ಟ ಹತ್ತಿ ಮೇದು ಸಂಜೆ ತಾನಾಗಿ ಕೊಟ್ಟಿಗೆಗೆ ಬರುತ್ತದೆ. ವರ್ಷ ವರ್ಷವೂ ತಪ್ಪದೆ ಕರು ಹಾಕುವ ಹಸುವಿಗೆ ಆ ಕಡೆ ವರ್ಷಗಂಧಿ ಅಂತಲೇ ಹೆಸರಿದೆ.

ಹಾಲು ಒಂದೆರಡು ಲೀಟರ್, ಅಪರೂಪಕ್ಕೆ ಮೂರು. ಗಿಡ್ಡ ಎತ್ತುಗಳು ಹಿಂದೆ ಗದ್ದೆ ಉಳುತ್ತಿದ್ದವು, ಈಗ ಬಹುತೇಕ ಕಡೆ ಟಿಲ್ಲರ್. ಹಾಗಾದರೆ ಉಭಯ ಎಲ್ಲಿ ಬಂತು? ಗೊಬ್ಬರದಲ್ಲಿ. ಅಡಿಕೆ ತೋಟದವರಿಗೆ ಸೊಪ್ಪು, ದರಕು ಹಾಸಿದ ಕೊಟ್ಟಿಗೆಯ ಗೊಬ್ಬರದ ಬೆಲೆ ಗೊತ್ತು. ಆ ಲೆಕ್ಕದಲ್ಲಿ ಹೋರಿಯೂ ದಂಡ ಅಲ್ಲ. ಅದು ತಿನ್ನುವುದು ಬೆಟ್ಟದ ಹುಲ್ಲು, ಕೊಡುವುದು ಸಗಣಿ. ಖರ್ಚು ಇಷ್ಟು ಕಡಿಮೆ ಇರುವ ದನ ಬೇರೆ ಇಲ್ಲ.

ಆದರೆ ಮೇಯಲು ಜಾಗ ಬೇಕು. ಬೆಟ್ಟ, ಗೋಮಾಳ ಇಲ್ಲದೆ ಕಟ್ಟಿಹಾಕಿ ಸಾಕುವುದಾದರೆ ಗಿಡ್ಡದ ಗುಣ ಅರ್ಧ ಹೋದ ಹಾಗೆ. ಬೇಲಿ ಹಾರಿ ಪಕ್ಕದವರ ತೋಟಕ್ಕೆ ನುಗ್ಗುವ ಪೈಕಿ ಕೂಡ, ಅದನ್ನೂ ಹೇಳಿಬಿಡುತ್ತೇನೆ. ಮಂಗನ ಕಾಯಿಲೆ ಇರುವ ಊರುಗಳಲ್ಲಿ ಇನ್ನೊಂದು ಎಚ್ಚರ. ಕಾಡಿಗೆ ಹೋಗಿ ಬರುವ ದನದ ಮೈಮೇಲೆ ಆ ಕಾಯಿಲೆ ಹರಡುವ ಉಣುಗು ಬರುತ್ತದೆ. ಬೇಸಿಗೆಗೆ ಮುಂಚಿನಿಂದಲೇ ಪಶುವೈದ್ಯರು ಹೇಳಿದ ಉಣುಗಿನ ಔಷಧಿ ಹಚ್ಚಿ.

ನಗರದವರು ಮನೆ ಅಂಗಳದಲ್ಲಿ ಕಟ್ಟಲು ಪುಂಗನೂರು ದನಕ್ಕೆ ಲಕ್ಷಗಟ್ಟಲೆ ಕೊಡುತ್ತಿದ್ದಾರೆ. ಪುಟ್ಟ ಹಸುವೇ ಬೇಕು ಅಂದರೆ ನಮ್ಮ ಗಿಡ್ಡ ಏನು ಕಮ್ಮಿ? ಅಂಗಳದಲ್ಲಿ ಒಂಟಿಯಾಗಿ ಕಟ್ಟುವುದು ಯಾವ ದನಕ್ಕೂ ಸುಖ ಅಲ್ಲ, ಅದು ಬೇರೆ ಮಾತು.

ಗೀರ್ ಮತ್ತು ದೂರದ ನೆಂಟರು

ಈಗ ಎಲ್ಲರ ಬಾಯಲ್ಲೂ ಗೀರ್. ಗುಜರಾತಿನ ಈ ತಳಿ ಒಂದು ಸೂಲಿಗೆ ಸರಾಸರಿ 2000 ಕೆ.ಜಿ. ದಾಟುತ್ತದೆ. ಪಂಜಾಬ್ ಕಡೆಯ ಸಾಹಿವಾಲ್ ಕೂಡ ಹಾಗೆಯೇ. ದೇವಣಿಯ ಎರಡು ಪಟ್ಟಿಗೂ ಜಾಸ್ತಿ. ನಿಮಗೆ ಬೇಕಾಗಿರುವುದು ನಾಟಿ ಹಾಲು, ಎತ್ತು ಬೇಡವೇ ಬೇಡ ಅನ್ನುವುದಾದರೆ ನಿಜವಾಗಿ ನೀವು ಹುಡುಕುತ್ತಿರುವುದು ಉಭಯ ತಳಿಯನ್ನಲ್ಲ. ಗೀರ್, ಸಾಹಿವಾಲ್ ಕಡೆ ನೋಡಿ. ಇವಕ್ಕೆ ಹೆಣ್ಣುಗರುವೇ ಹುಟ್ಟುವ ಹಾಗೆ ಬೇರ್ಪಡಿಸಿದ ವೀರ್ಯವೂ ಸಿಗುತ್ತದೆ. ಹತ್ತರಲ್ಲಿ ಒಂಬತ್ತು ಹೆಣ್ಣು ಅನ್ನುವುದು ಅದರ ಲೆಕ್ಕ. ಹೋರಿಗರುವಿನ ಪ್ರಶ್ನೆಯೇ ಬಹುಮಟ್ಟಿಗೆ ಇರುವುದಿಲ್ಲ.

ಆದರೆ ಗುಜರಾತಿನಿಂದ ಲಾರಿಯಲ್ಲಿ ಬಂದ ಹಸು ಅಲ್ಲಿ ಹತ್ತು ಲೀಟರ್ ಕೊಡುತ್ತಿತ್ತು ಅಂತ ಇಲ್ಲಿಯೂ ಕೊಡುವುದಿಲ್ಲ. ಪ್ರಯಾಣದ ದಣಿವು, ಹೊಸ ಮೇವು, ಹೊಸ ನೀರು, ಹೊಸ ಕೈ. ಆ ಸೂಲು ಬಹಳಷ್ಟು ಸಲ ಹೋದ ಹಾಗೆಯೇ. ನಮ್ಮ ಹವೆಯಲ್ಲೇ ಹುಟ್ಟಿ ಬೆಳೆದ ಗೀರ್ ಸಿಕ್ಕರೆ ಕೊಳ್ಳಿ.

ಕಾಂಕ್ರೇಜ್, ಥಾರ್‌ಪಾರ್ಕರ್ ಎರಡೂ ನಿಜವಾದ ಉಭಯ ತಳಿಗಳು. ಎರಡೂ ಒಂದು ಸೂಲಿಗೆ ಸುಮಾರು 1700 ಕೆ.ಜಿ. ಸರಾಸರಿಯವು. ಕಾಗದದ ಮೇಲೆ ದೇವಣಿಯನ್ನು ಸುಲಭವಾಗಿ ಸೋಲಿಸುತ್ತವೆ. ಉತ್ತರ ಗುಜರಾತಿನ ಬನಾಸ್‌ಕಾಂಠಾದಲ್ಲೋ ರಾಜಸ್ಥಾನದ ಗಡಿಯಲ್ಲೋ ಇದ್ದಿದ್ದರೆ ನಾನೂ ಅವನ್ನೇ ಕಟ್ಟಿ ಅನ್ನುತ್ತಿದ್ದೆ. ಇಲ್ಲಿ ಕಾಂಕ್ರೇಜ್ ಹೋರಿಗೆ ಜೋಡಿ ಎಲ್ಲಿಂದ ತರುತ್ತೀರಿ? ಒಂಗೋಲ್ ಕಥೆ ಸ್ವಲ್ಪ ಬೇರೆ. ಆಂಧ್ರದ ಪ್ರಕಾಶಂ, ಗುಂಟೂರು, ನೆಲ್ಲೂರು ಕಡೆಯ ದನ, ಹಾಲು 800 ಕೆ.ಜಿ. ಆಸುಪಾಸು, ಎತ್ತು ದೈತ್ಯ. ಬ್ರೆಜಿಲ್‌ಗೆ ಹೋಗಿ ನೆಲ್ಲೋರ್ ಹೆಸರಲ್ಲಿ ಮೆರೆದದ್ದು ಇದೇ ತಳಿ. ಆಂಧ್ರದ ಗಡಿಯ ರೈತರಿಗೆ ಯೋಚಿಸಬಹುದಾದ ಆಯ್ಕೆ. ಉಳಿದವರಿಗೆ ಬೇಡ.

ಹಳೇ ಮೈಸೂರಿನವರು ಕೇಳಬಹುದು, ನಮ್ಮ ಹಳ್ಳಿಕಾರ್ ಎಲ್ಲಿ? ಹಳ್ಳಿಕಾರ್, ಅಮೃತಮಹಲ್, ಖಿಲ್ಲಾರಿ ದುಡಿಮೆ ತಳಿಗಳು. ಹಾಲು ಕರು ಕುಡಿದು ಉಳಿದರೆ ಕಾಫಿಗೆ. ಆದರೂ ತುಮಕೂರು, ಮಂಡ್ಯ ಕಡೆ ಹಳ್ಳಿಕಾರ್ ಲಾಭದಲ್ಲೇ ಇದೆ. ಕಾರಣ ಅದೇ, ಹೋರಿಗರುವಿಗೆ ಬೇಡಿಕೆ ಇದೆ. ಘಾಟಿ ಸುಬ್ರಹ್ಮಣ್ಯ, ಸಿದ್ಧಗಂಗೆ ಜಾತ್ರೆಗಳಲ್ಲಿ ಒಳ್ಳೆಯ ಜೋಡಿಗೆ ಬರುವ ಬೆಲೆ ಯಾವ ಹಾಲಿನ ಹಸುವಿಗೂ ಬರುವುದಿಲ್ಲ. ಆ ಸೀಮೆಯಲ್ಲಿ ದೇವಣಿ ತಂದು ಕಟ್ಟುವುದಕ್ಕಿಂತ ಹಳ್ಳಿಕಾರ್ ಹಸು ಕಟ್ಟಿ ಹೋರಿ ಮಾರುವುದೇ ಜಾಣತನ.

ಎಚ್‌ಎಫ್ ಮಿಶ್ರತಳಿ ಜೊತೆ ಲೆಕ್ಕ

ಎಚ್‌ಎಫ್ ಅಂದರೆ ಹೋಲ್‌ಸ್ಟೀನ್ ಫ್ರೀಸಿಯನ್, ಜಾಸ್ತಿ ಹಾಲಿನ ವಿದೇಶಿ ತಳಿ. ಅದರ ಮಿಶ್ರತಳಿಯನ್ನು ಬಿಟ್ಟು ಹೋಲಿಕೆ ಪೂರ್ತಿ ಆಗುವುದಿಲ್ಲ. ಡೇರಿಯಲ್ಲಿ ಲೀಟರಿಗೆ 35 ರೂಪಾಯಿ ಸಿಕ್ಕಿತು ಅಂತಿಟ್ಟುಕೊಳ್ಳಿ. ದೇವಣಿಯ ಒಂದು ಸೂಲಿಗೆ ಸುಮಾರು 30 ಸಾವಿರ ರೂಪಾಯಿ. ಸಾಧಾರಣ ಎಚ್‌ಎಫ್ ಮಿಶ್ರತಳಿ 2500 ಲೀಟರ್ ಕೊಟ್ಟರೂ 87 ಸಾವಿರ ದಾಟುತ್ತದೆ. ಡೇರಿಯವರು ಜಿಡ್ಡು, ಜಿಡ್ಡೇತರ ಘನ ನೋಡಿ ದರ ಕೊಡುತ್ತಾರೆ, ಗಟ್ಟಿ ಹಾಲಿಗೆ ಸ್ವಲ್ಪ ಜಾಸ್ತಿ ಸಿಗಬಹುದು. ಆದರೆ ಅದು ಈ ಅಂತರ ಮುಚ್ಚುವುದಿಲ್ಲ.

ಹಿಂಡಿ ಖರ್ಚು, ಔಷಧಿ ಖರ್ಚು ಕಳೆದರೆ ಅಂತರ ಕಡಿಮೆ ಆಗುತ್ತದೆ. 2500 ಲೀಟರಿಗೆ ಹಾಲಿನ ಪಾಲಿನ ಹಿಂಡಿಯೇ ಒಂದು ಟನ್. ಬಿಸಿಲಿಗೆ ಏದುಸಿರು, ಉಣುಗಿನಿಂದ ಬರುವ ಥೈಲೇರಿಯಾ ಜ್ವರ, ಕೆಚ್ಚಲು ಬಾವು ಮಿಶ್ರತಳಿಗೆ ಜಾಸ್ತಿ. ಇಷ್ಟಾದರೂ ನೀರಾವರಿ ಇದ್ದು, ಹಸಿಮೇವು ಇದ್ದು, ಡೇರಿ ಪಕ್ಕದಲ್ಲಿದ್ದು, ಹಾಲೊಂದೇ ಆದಾಯ ಅನ್ನುವವರಿಗೆ ಮಿಶ್ರತಳಿಯೇ ಗೆಲ್ಲುತ್ತದೆ. ನಾಟಿ ಪ್ರೀತಿಯಲ್ಲಿ ಈ ಸತ್ಯ ಮುಚ್ಚಿಟ್ಟು ಸಾಲ ಮಾಡಿಸುವವರನ್ನು ನಂಬಬೇಡಿ.

ದೇವಣಿ ಗೆಲ್ಲುವುದು ಎಲ್ಲಿ ಅಂದರೆ ಒಣಬೇಸಾಯದಲ್ಲಿ. ನಿಮ್ಮೂರಲ್ಲಿ ಒಂದು ಜೋಡಿ ಎತ್ತಿನ ದಿನದ ಬಾಡಿಗೆ ಎಷ್ಟು ಅಂತ ಕೇಳಿ. ಬಿತ್ತನೆ, ಎಡೆ, ಗಾಡಿ ಎಲ್ಲ ಸೇರಿ ವರ್ಷಕ್ಕೆ ಎಷ್ಟು ದಿನ ಎತ್ತು ಬೇಕು ಅಂತ ಎಣಿಸಿ. ಎರಡನ್ನೂ ಗುಣಿಸಿದರೆ ಬರುವ ಮೊತ್ತ ಹಾಲಿನ ಲೆಕ್ಕಕ್ಕೆ ಸೇರಬೇಕು. ವರ್ಷಕ್ಕೆ ಅರವತ್ತು ದಿನವೂ ಕೆಲಸ ಇಲ್ಲದಿದ್ದರೆ ಜೋಡಿ ಕಟ್ಟುವುದು ದುಬಾರಿ ಅನ್ನುವುದು ನನ್ನ ಅಂದಾಜು. ಎಂಟು ಹತ್ತು ಎಕರೆ ಒಣಭೂಮಿ ಇರುವವರಿಗೆ ಹೊಂದುತ್ತದೆ. ಎರಡು ಎಕರೆಯವರು ಬಾಡಿಗೆಗೆ ಹೊಡೆಯಲು ತಯಾರಿದ್ದರೆ ಮಾತ್ರ.

ಎ2 ಮತ್ತು ತುಪ್ಪದ ಆಸೆ

ಲೆಕ್ಕ ಸರಿಹೋಗದಾಗ ಕೆಲವರು ಎ2 ಹಾಲು ಅನ್ನುತ್ತಾರೆ. ಎ1, ಎ2 ಅನ್ನುವುದು ಹಾಲಿನ ಒಂದು ಪ್ರೋಟೀನಿನ ಎರಡು ಬಗೆ. ನಮ್ಮ ನಾಟಿ ದನಗಳ ಹಾಲು ಬಹುಮಟ್ಟಿಗೆ ಎ2 ಅನ್ನುವುದು ನಿಜ. ಎಮ್ಮೆ ಹಾಲೂ ಎ2, ಇದನ್ನು ಯಾರೂ ಹೇಳುವುದಿಲ್ಲ. ಅದರಿಂದ ಕಾಯಿಲೆ ವಾಸಿ ಆಗುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ. 2024ರ ಆಗಸ್ಟ್‌ನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಪ್ಯಾಕೆಟ್ ಮೇಲಿನ ಎ1, ಎ2 ಬರಹ ತೆಗೆಯಿರಿ ಅಂದಿತು. ಕೆಲವೇ ದಿನಗಳಲ್ಲಿ ಆ ಸೂಚನೆಯನ್ನು ವಾಪಸ್ ತೆಗೆದುಕೊಂಡಿತು. ಇಂಥ ಅಲುಗಾಡುವ ನೆಲದ ಮೇಲೆ ವ್ಯಾಪಾರ ಕಟ್ಟುವುದು ನಿಮಗೆ ಬಿಟ್ಟದ್ದು.

ತುಪ್ಪದ ಲೆಕ್ಕವನ್ನೂ ಹಾಕೋಣ. ದೇವಣಿ ಹಸುವಿನ 868 ಕೆ.ಜಿ. ಹಾಲಿನಲ್ಲಿ ಶೇ 4.3 ಜಿಡ್ಡು ಅಂದರೆ ಒಟ್ಟು 37 ಕೆ.ಜಿ. ಮನೆಯವರು ಒಂದು ಲೋಟವೂ ಕುಡಿಯದೆ, ಮಜ್ಜಿಗೆಯಲ್ಲಿ ಒಂದು ಹನಿಯೂ ಬಿಡದೆ ಕಡೆದರೂ ಇಡೀ ಸೂಲಿಗೆ ಅಷ್ಟೇ. ಒಂದು ಕೆ.ಜಿ. ತುಪ್ಪಕ್ಕೆ ಇಪ್ಪತ್ತೈದು ಲೀಟರಾದರೂ ಹಾಲು ಬೇಕು. ಗೊತ್ತಿರುವ ಗಿರಾಕಿ ಇದ್ದರೆ ಒಳ್ಳೆಯ ಬೆಲೆ ಖಂಡಿತ ಸಿಗುತ್ತದೆ. ಆದರೆ ಮೊದಲು ಗಿರಾಕಿ, ಆಮೇಲೆ ಹಸು.

ಕೊಳ್ಳುವಾಗ

ದೇವಣಿ ಅಂತ ಎಚ್‌ಎಫ್ ಮಿಶ್ರತಳಿ ಮಾರುವುದು ಇದೆ. ಎರಡಕ್ಕೂ ಕಪ್ಪು ಬಿಳುಪು ಮಚ್ಚೆ, ಅದಕ್ಕೇ ಮೋಸ ಸುಲಭ. ಬಣ್ಣ ಬಿಟ್ಟು ಮೈಕಟ್ಟು ನೋಡಿ. ಹೆಗಲ ಮೇಲೆ ಡುಬ್ಬ, ಕತ್ತಿನ ಕೆಳಗೆ ಜೋಲುವ ಗಂಗೆದೊಗಲು, ಬಾಗಿದ ಕಿವಿ ಇರಬೇಕು. ಬೆನ್ನು ನೆಟ್ಟಗೆ ಹಲಗೆಯಂತಿದ್ದು, ಕಿವಿ ಅಡ್ಡಕ್ಕೆ ಚಾಚಿದ್ದು, ಡುಬ್ಬ ಹೆಸರಿಗಷ್ಟೇ ಇದ್ದರೆ ಅನುಮಾನ ಪಡಿ.

ಮೊದಲ ಸಲ ಕಟ್ಟುವವರು ಎರಡನೇ ಸೂಲಿನ, ಕರು ಜೊತೆಗಿರುವ ಹಸುವನ್ನೇ ತನ್ನಿ. ಸಂಜೆ ಒಮ್ಮೆ, ಮರುದಿನ ಬೆಳಿಗ್ಗೆ ಒಮ್ಮೆ ಎದುರಿಗೆ ನಿಂತು ಕರೆಸಿ. ಒಂದೇ ಹೊತ್ತು ನೋಡಿದರೆ ಹಿಂದಿನ ಹೊತ್ತಿನ ಹಾಲನ್ನು ಕರೆಯದೆ ಉಳಿಸಿಕೊಂಡು ತೋರಿಸಿರಬಹುದು. ನಾಲ್ಕೂ ಮೊಲೆಯಿಂದ ಸಮ ಧಾರೆ ಬರುತ್ತದೆಯೇ ನೋಡಿ. ಸಾಧ್ಯವಾದರೆ ನೀವೇ ಕೂತು ಕರೆಯಿರಿ. ಹೊಸ ಕೈಗೆ ಸೊರ ಬಿಡುವ ಹಸುವಿಗೆ ಒಂದೆರಡು ಸಾವಿರ ಜಾಸ್ತಿ ಕೊಟ್ಟರೂ ನಷ್ಟ ಇಲ್ಲ. ಸುಳಿ ನೋಡುವುದು ನಿಮ್ಮ ನಂಬಿಕೆ, ಆದರೆ ಸುಳಿ ನೋಡುವಷ್ಟು ಹೊತ್ತು ಗೊರಸನ್ನೂ ನೋಡಿ.

ಗಾಡಿ ಹತ್ತಿಸುವ ಮೊದಲು ಖರೀದಿ ಚೀಟಿ, ಪಶುವೈದ್ಯರ ಪ್ರಮಾಣಪತ್ರ ಕೈಯಲ್ಲಿರಲಿ. ಈಗ ಅವಿಲ್ಲದೆ ದಾರಿಯಲ್ಲಿ ನಿಲ್ಲಿಸಿಕೊಂಡರೆ ದನಕ್ಕೂ ನಿಮಗೂ ತೊಂದರೆ.

ನಾಟಿ ದನಕ್ಕೆ ರೋಗ ಬರುವುದಿಲ್ಲ ಅನ್ನುವ ಮಾತನ್ನು ಮನೆಯೊಳಗೆ ಬಿಟ್ಟುಕೊಳ್ಳಬೇಡಿ. 2022ರಲ್ಲಿ ಚರ್ಮಗಂಟು ರೋಗ ಹಬ್ಬಿದಾಗ ನಾಟಿ ದನಗಳೂ, ಎತ್ತುಗಳೂ ಸತ್ತವು. ವರ್ಷಕ್ಕೆರಡು ಸಲ ಕಾಲುಬಾಯಿ ರೋಗದ ಲಸಿಕೆ, ಹೆಣ್ಣುಗರುವಿಗೆ ನಾಲ್ಕರಿಂದ ಎಂಟು ತಿಂಗಳೊಳಗೆ ಒಮ್ಮೆ ಬ್ರುಸೆಲ್ಲಾ ಲಸಿಕೆ ತಪ್ಪಿಸಬೇಡಿ.

ಇನ್ನು ಹಸುವಿಗೆ ಗರ್ಭ ಕಟ್ಟಿಸುವ ವಿಷಯ. ಹಸು ಬೆದೆಗೆ ಬಂದ ದಿನ ದೇವಣಿ ಕಡ್ಡಿ ಸಿಗಲಿಲ್ಲ ಅಂತ ಇದ್ದುದನ್ನು ಹಾಕಿಸುವುದು ಎಲ್ಲ ಕಡೆ ನಡೆಯುತ್ತದೆ. ಗೀರ್ ಬೆರೆಸಿದರೆ ಹಾಲು ಹೆಚ್ಚೀತು, ಆದರೆ ಹುಟ್ಟುವ ಹೋರಿಗೆ ಜೋಡಿ ಸಿಗುವುದಿಲ್ಲ. ಹಾಗಾಗಿ ಹಸು ಕರು ಹಾಕಿ ಎರಡು ತಿಂಗಳು ಆಗುವುದರೊಳಗೆ ಆಸ್ಪತ್ರೆಯಲ್ಲಿ ಹೇಳಿ ಕಡ್ಡಿ ತರಿಸಿಡಲು ಕೇಳಿ. ಕಡ್ಡಿಯ ಮೇಲೆ ಹೋರಿಯ ನಂಬರ್ ಅಚ್ಚಾಗಿರುತ್ತದೆ. ಅದನ್ನು ಬರೆದಿಟ್ಟುಕೊಳ್ಳಿ. ಹುಟ್ಟಿದ ಹೆಣ್ಣುಗರು ಮುಂದೆ ಬೆದೆಗೆ ಬಂದಾಗ ಅದೇ ನಂಬರ್ ಮತ್ತೆ ಬೀಳಬಾರದು.